ತರಕಾರಿ ಹಲಗೆಯ ಗೋಡೆ

ಸೆಂಟ್ರಿಂಗ್ ಮೇಸ್ತ್ರಿಯ ಕೆಲಸವೇ ವಿಚಿತ್ರ. ಬೆವರು ಸುರಿಸಿ ಹಲಗೆ ಜೋಡಿಸಿ ಅಚ್ಚು ಕಟ್ಟಬೇಕು. ಒಳಗೆ ಸುರಿದ ಕಾಂಕ್ರೀಟು ಗಟ್ಟಿಯಾದ ಮೇಲೆ ಕಟ್ಟಿದ್ದನ್ನೆಲ್ಲ ತಾನೇ ಕಿತ್ತೆಸೆಯಬೇಕು. ಉಳಿದ ಗುರುತಿನ ಮೇಲೆ ಗಾರೆಯವರು ಬಂದು ಪ್ಲಾಸ್ಟರ್ ಮೆತ್ತುತ್ತಾರೆ. "ಇಷ್ಟು ವರ್ಷ ದುಡಿದ್ರಲ್ಲ, ನಿಮ್ಮದು ಅಂತ ತೋರಿಸೋಕೆ ಏನಿದೆ?" ಎಂದು ಹೆಂಡತಿ ಕಿಚಾಯಿಸಿದಾಗಲೆಲ್ಲ ನಮ್ಮ ಮೇಸ್ತ್ರಿ ನಕ್ಕುಬಿಡುತ್ತಿದ್ದ. ಒಳಗೊಳಗೇ ಚುರುಕ್ಕೆನ್ನುತ್ತಿತ್ತು.

ಆಗ ಬಂತು ಗುಡ್ಡದ ಮೇಲಿನ ಕೆಲಸ. ಗಾಳಿ, ಮೋಡ ಅಳೆಯುವ ವಿಜ್ಞಾನಿಗಳಿಗೊಂದು ಕಟ್ಟಡ. ನಕ್ಷೆ ಬರೆದ ಮೇಡಂ ಒಂದು ಬಂಡೆಯನ್ನೂ ಒಡೆಯಗೊಡಲಿಲ್ಲ. ಬಂಡೆ ಅಡ್ಡ ಬಂದಲ್ಲೆಲ್ಲ ಗೋಡೆಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಸಾಲದ್ದಕ್ಕೆ, "ಪ್ಲಾಸ್ಟರ್ ಬೇಡ, ಬಣ್ಣ ಬೇಡ, ನಿಮ್ಮ ಹಲಗೆಯ ಗೆರೆ ಹಾಗೇ ಕಾಣಲಿ" ಎಂದುಬಿಟ್ಟರು. ಮೇಸ್ತ್ರಿಯ ಕಾಲು ಅವತ್ತಿನಿಂದ ನೆಲದ ಮೇಲೆ ನಿಲ್ಲಲಿಲ್ಲ. ಹಲಗೆಗಳನ್ನು ಹಣ್ಣು ಆರಿಸುವವನ ಹಾಗೆ ಮೂಸಿ, ತಟ್ಟಿ ಆರಿಸಿದ.

ಕೊನೆಗೆ ದೊಡ್ಡ ಕಿಟಕಿಯ ಪಕ್ಕ ಗೇಣಗಲದ ಸಂದೊಂದು ಉಳಿಯಿತು. ಕಾಂಕ್ರೀಟು ಕಲಸಿ ಆಗಿತ್ತು, ಒಳ್ಳೆಯ ಹಲಗೆ ಮುಗಿದಿತ್ತು. ಮೇಸ್ತ್ರಿ ಎದ್ದೆನೋ ಬಿದ್ದೆನೋ ಎಂದು ಗುಡ್ಡದ ಬುಡದಲ್ಲಿದ್ದ ಮನೆಗೆ ಓಡಿ, ಹೆಂಡತಿಯ ತರಕಾರಿ ಹೆಚ್ಚುವ ಹಲಗೆಯನ್ನೇ ತಂದು ಬಡಿದ. ಅದು ಕಾಣೆಯಾದದ್ದೇ ತಡ, ಆಕೆಗೆ ಪಕ್ಕದ ಮನೆಯವಳ ಮೇಲೆ ಗುಮಾನಿ, ಮಾತೇ ಬಿಟ್ಟಳು. ಮೇಸ್ತ್ರಿ ತುಟಿಪಿಟಕ್ಕೆನ್ನಲಿಲ್ಲ.

ಅಚ್ಚು ಬಿಚ್ಚಿದ ಮೇಲೆ ದುಂಬಾಲು ಬಿದ್ದು ಹೆಂಡತಿಯನ್ನು ಕರೆತಂದ. ಖುಷಿಯಲ್ಲಿ ಆ ಹಲಗೆಯ ವಿಷಯವೇ ಮರೆತುಹೋಗಿತ್ತು. ಗೋಡೆಯ ತುಂಬ ಮರದ ಗೆರೆ, ಮರದ ಗಂಟು. ಕಿಟಕಿಯಾಚೆ ಹುಲ್ಲು, ಓಡುವ ಮೋಡ. "ನಾನು ಕಟ್ಟಿದ್ದು ಕಣೆ. ಇಲ್ಲಿ ನೋಡು, ಅಲ್ಲಿ ನೋಡು" ಎಂದು ಕುಣಿದಾಡಿದ.

ಆಕೆ ಕಿಟಕಿಯ ಪಕ್ಕ ನಿಂತೇಬಿಟ್ಟಳು. ಹಲಗೆಯಲ್ಲಿ ತಗ್ಗಾಗಿದ್ದ ಚಾಕುವಿನ ಗೀರುಗಳು ಗೋಡೆಯಲ್ಲಿ ಉಬ್ಬಿ ಬಂದಿದ್ದವು. ಮೊಳೆಗೆ ನೇತುಹಾಕುವ ತೂತು ಬೊಕ್ಕೆಯಂತೆ ಎದ್ದಿತ್ತು.

"ಇದು ನನ್ನ ಹಲಗೆ."

ಮೇಸ್ತ್ರಿಗೆ ಆಗ ನೆನಪಾಯಿತು. "ಅದು... ಒಂದು ಸಂದು ಉಳಿದಿತ್ತು."

"ಮೇಡಂ ನೋಡಿದ್ರಾ?"

"ಇಡೀ ಗೋಡೇಲಿ ಇದೇ ಚೆಂದ ಅಂದ್ರು."

ಆಕೆ ಗೀರುಗಳ ಮೇಲೆ ಬೆರಳಾಡಿಸಿದಳು. ಮೊದಲು ಕಿಸಕ್ಕೆಂದಳು, ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತಳು. ಮೇಸ್ತ್ರಿಗೂ ನಗು ಉಕ್ಕಿತು. ಖಾಲಿ ಕಟ್ಟಡದ ತುಂಬ ಇಬ್ಬರ ನಗೆಯೇ ಮೊಳಗಿತು.

ಕಣ್ಣೊರೆಸಿಕೊಂಡು ಆಕೆ ಹೇಳಿದಳು: "ನಾಳೆ ಪಕ್ಕದ ಮನೆಯವಳನ್ನ ಕರ್ಕೊಂಡು ಬರೋಣ. ತಪ್ಪಾಯ್ತು ಅಂತ ಕೇಳ್ಕೊಳ್ಳೋದು ನಿಮ್ಮ ಕೆಲಸ. ಇದು ನಮ್ಮನೆಯವರು ಕಟ್ಟಿದ್ದು ಅಂತ ತೋರಿಸೋದು ನನ್ನ ಕೆಲಸ."