ನೀರ್ಗಂಟಿ ಕಂಡ ಉಪ್ಪುನೀರಿನ ಕೊಳಗಳು

ಗೆಳೆಯರೇ, ಇವತ್ತು ಮಲ್ಪೆಯಿಂದ ದೋಣಿ ಹತ್ತಿ ಬಂಡೆಗಳ ದ್ವೀಪಕ್ಕೆ ಹೋಗಿದ್ದೆವು. ಅಲ್ಲಿ ಬಂಡೆಗಳ ನಡುವೆ ಕಡಲೇ ಮಾಡಿಟ್ಟ ಈಜುಕೊಳಗಳಿವೆ. ತಳದ ಚಿಪ್ಪು ಎಣಿಸಬಹುದು, ಅಷ್ಟು ತಿಳಿನೀರು. ನಮ್ಮ ಜೊತೆ ಬಂದಿದ್ದ ಚಿನಕುರಳಿಯ ನಿಂಗಣ್ಣ ಮೂವತ್ತು ವರ್ಷದಿಂದ ಊರ ಗದ್ದೆಗಳಿಗೆ ಸರದಿಯಂತೆ ನಾಲೆ ನೀರು ಬಿಡುವ ನೀರ್ಗಂಟಿ. ಪಂಚೆ ಕಳಚಿ ತಗ್ಗಿನ ಬಂಡೆಯ ಮೇಲಿಟ್ಟು ಕೊಳಕ್ಕಿಳಿದ.

"ನೀರು ಏರ್ತದೆ ಮಾರಾಯ್ರೆ, ಬಟ್ಟೆ ಮೇಲೆ ಇಡಿ" ಎಂದ ದೋಣಿಯವನು.

"ತೂಬು ಎತ್ತದೆ ನೀರು ಎಂಗಪ್ಪಾ ಏರ್ತದೆ? ನೀರಿನ ಇಚಾರ ನಂಗೇ ಯೇಳ್ಕೊಡ್ತೀಯಾ?" ಎಂದ ನಿಂಗಣ್ಣ.

ಸ್ವಲ್ಪ ಹೊತ್ತಿಗೆ ಕಡಲು ಏರಿತು. ಒಂದು ಕೊಳ ತುಂಬಿ ಪಕ್ಕದ್ದಕ್ಕೆ, ಅಲ್ಲಿಂದ ಮುಂದಿನದಕ್ಕೆ ಹರಿಯಿತು. ಪಂಚೆಯೂ ಹೊರಟಿತು. ಅದನ್ನು ಈಜಿ ಹಿಡಿದವನು ನಾನು. ನಿಂಗಣ್ಣ ಚಡ್ಡಿಯಲ್ಲೇ ನಿಂತು ನೀರನ್ನೇ ನೋಡುತ್ತಿದ್ದ. ನನ್ನ ಕ್ಯಾಮೆರಾದ ರೀಲು ಮುಗಿದಿದ್ದು ಅವನ ಪುಣ್ಯ.

"ಕಡೇ ಗುಂಡಿಗೂ ಸಮ್ಕೆ ಬಂತಲ್ಲಲಾ. ಒಬ್ಬನೂ ಗುದ್ಲಿ ಇಡ್ಕೊಂಡು ಜಗಳಕ್ಕೆ ಬರ್ನಿಲ್ಲ" ಎಂದ.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ. "ಊರಲ್ಲಿ ಯಾರ್ಗೂ ಯೇಳ್ಬ್ಯಾಡ ಕಣ್ಲಾ. ನೀರ್ಗಂಟಿ ಇಲ್ದೇನೇ ಇಷ್ಟು ಚೆಂದಾಗಿ ನೀರು ಅಂಚ್ಬೋದು ಅಂತ ಗೊತ್ತಾದ್ರೆ ನನ್ನ ಮಾತು ಯಾವನು ಕೇಳ್ತಾನೆ?"

ನಾನು ಯಾರಿಗೂ ಹೇಳಿಲ್ಲ. ಬರೆದಿದ್ದೇನೆ, ಅಷ್ಟೆ.