ಒಳಕೋಣೆಯ ಬೆಂಚು

ಎರ್ನಾಕುಲಂನ ದೋಣಿ ಜೆಟ್ಟಿಗೆ ಹೋಗುವ ದಾರಿಯಲ್ಲಿದ್ದ ಆ ಸಣ್ಣ ಆಸ್ಪತ್ರೆಯಲ್ಲಿ ಕೆಮ್ಮುವವರು ಒಳಗೆ ಬರುವಂತಿರಲಿಲ್ಲ. ಅವರಿಗೆಂದೇ ಅಂಗಳದಲ್ಲಿ ಹೆಣೆದ ತೆಂಗಿನ ಮಡಲಿನ ಚಪ್ಪರ, ಅದರಡಿ ಉದ್ದನೆಯ ಬೆಂಚು. ಉಗುಳಲು ಬೂದಿ ತುಂಬಿದ ತೆಂಗಿನ ಗೆರಟೆ. ಸಂಜೆ ಗೆರಟೆಗಳನ್ನೆಲ್ಲ ಒಟ್ಟುಮಾಡಿ ಸುಡುವುದು ಗುಡಿಸುವ ಕಾರ್ತ್ಯಾಯನಿಯ ಕೆಲಸ. ನೋಡಲು ಬಂದ ಮೇಲಧಿಕಾರಿಗಳು ಇದನ್ನು ಡಾಕ್ಟರರ ಏರ್ಪಾಡೆಂದು ಹೊಗಳಿ ಹೋಗುತ್ತಿದ್ದರು. ಡಾಕ್ಟರರು ಅಲ್ಲವೆನ್ನಲಿಲ್ಲ.

ಏರ್ಪಾಡು ನರ್ಸ್ ಚಂದ್ರಾವತಿಯದು. ಕಾಸರಗೋಡಿನವಳು, ಗಂಡ ಜನಾರ್ದನ ವಕೀಲರೊಬ್ಬರ ಗುಮಾಸ್ತ. ನಸುಕಿಗೆ ಎದ್ದು ಗಂಜಿಗಿಟ್ಟು, ಅವನ ಬುತ್ತಿ ಕಟ್ಟಿ, ಒಲೆ ಸಾರಿಸಿ ಆಸ್ಪತ್ರೆಗೆ ಬರುವಳು. ಹಿಂದಿನ ವರ್ಷ ತಿರುವನಂತಪುರದಲ್ಲಿ ಮೂರು ತಿಂಗಳು ತರಬೇತಿ ಪಡೆದಿದ್ದಳು. ಕ್ಷಯದ ಗಾಳಿ ಮುಚ್ಚಿದ ಕೋಣೆಯಲ್ಲಿ ನಿಲ್ಲುತ್ತದೆ, ಔಷಧಿ ಸಾಲದಿದ್ದರೂ ಗಾಳಿ, ಬಿಸಿಲು, ಬೆಂಕಿ ನಿಮ್ಮ ಕೈಯಲ್ಲಿವೆ ಎಂದು ಅಲ್ಲಿಯ ಗುರುಗಳು ಹೇಳಿಕೊಟ್ಟಿದ್ದರು. ಕಿಟಕಿ ತೆರೆಯುವುದು, ಚಾಪೆ ಬಿಸಿಲಿಗೆ ಹಾಕುವುದು, ಬಟ್ಟೆ ಕುದಿಸುವುದು ಹುಟ್ಟಿದಂದಿನಿಂದ ಮಾಡಿಕೊಂಡು ಬಂದದ್ದೇ. ಅದನ್ನು ವಿದ್ಯೆಯೆಂದು ಯಾರಾದರೂ ಕರೆದದ್ದು ಅದೇ ಮೊದಲು.

ಐವತ್ತೆಂಟರ ಮಳೆಗಾಲ ಮುಗಿಯುತ್ತಿದ್ದಾಗ ಚಪ್ಪರದ ಹೊರಗೆ, ಸೆರಗು ಬಾಯಿಗೊತ್ತಿಕೊಂಡು ಒಬ್ಬಳು ನಿಂತಿದ್ದಳು. ಕೈಯಲ್ಲಿ ಚುಚ್ಚುಮದ್ದಿನ ಚೀಟಿ. ಚಂದ್ರಾವತಿ ಮಲಯಾಳದಲ್ಲಿ ಕೂರಲು ಹೇಳಿದಳು. ಆಕೆಗೆ ತಿಳಿಯಲಿಲ್ಲ; “ಏನಂದ್ರಿ?” ಎಂದಳು.

“ಕನ್ನಡದವರಾ? ಎಂತ, ಯಾವ ಊರು?”

ಹೆಂಗಸಿನ ಕಣ್ಣು ತುಂಬಿತು. “ಮೈಸೂರು ಕಡೆಯೋರು ಕಣ್ರೀ. ಸುಮಿತ್ರ ಅಂತ. ಇವರು ಸೆಂಟ್ರಲ್ ಗೌರ್ಮೆಂಟ್ ಆಫೀಸಿನಲ್ಲಿದ್ದಾರೆ. ಇವರ ಜೊತೆಯೋರೆಲ್ಲ ಇದೇ ದಾರೀಲಿ ಜೆಟ್ಟಿಗೆ ಹೋಗೋದು. ಈ ಬೆಂಚಲ್ಲಿ ನೋಡಿಬಿಟ್ಟರೆ ನಾಳೆಯಿಂದ ಯಾರೂ ನಮ್ಮನೇಲಿ ನೀರು ಕುಡಿಯೊಲ್ಲ. ಹನ್ನೆರಡಕ್ಕೆ ಇವರು ಊಟಕ್ಕೆ ಬೇರೆ ಬರ್ತಾರೆ.”

ಕಾಸರಗೋಡು ಕೇರಳಕ್ಕೆ ಸೇರಿ ಎರಡು ವರ್ಷವಾಗಿತ್ತು. ಆ ಊರಿನಲ್ಲಿ ಚಂದ್ರಾವತಿಗೆ ಗಂಡನನ್ನು ಬಿಟ್ಟರೆ ಕನ್ನಡ ಮಾತನಾಡಲು ಇನ್ನೊಬ್ಬರಿರಲಿಲ್ಲ. ಗಂಡ ಮಾತನಾಡುತ್ತಿದ್ದದ್ದು ಸಾರಿಗೆ ಉಪ್ಪು ಹೆಚ್ಚಾದಾಗ.

“ಒಳಗೆ ಬನ್ನಿ” ಎಂದಳು.

ಒಳಕೋಣೆಯಲ್ಲಿ ಹತ್ತಿ, ಬ್ಯಾಂಡೇಜು ಕತ್ತರಿಸುವ ಕೆಲಸ. ಹತ್ತಿ ಹಾರೀತೆಂದು ಅಲ್ಲಿಯ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ಬೆಳಗಿನ ಕಸ ಮುಗಿಸಿ ಕತ್ತರಿ ಹಿಡಿದು ಕೂತಿದ್ದ ಕಾರ್ತ್ಯಾಯನಿ ತಲೆಯೆತ್ತಿದಳು. ಚಂದ್ರಾವತಿಯನ್ನು ಅವಳು ಅಕ್ಕ ಎಂಬರ್ಥದಲ್ಲಿ ಚೇಚಿ ಎನ್ನುತ್ತಿದ್ದಳು.

“ಚೇಚಿ, ಈ ಅಮ್ಮನಿಗೆ ಕೆಮ್ಮಲ್ಲವಾ?”

“ಸ್ವಲ್ಪ ಹೊತ್ತು. ಸರದಿ ಬಂದ ಕೂಡಲೇ ಹೋಗುತ್ತಾರೆ.”

“ಓಹೋ. ಕನ್ನಡದ ಕೆಮ್ಮು ಹಾರುವುದಿಲ್ಲ, ಅಲ್ಲವಾ?”

ಚಂದ್ರಾವತಿ ನಕ್ಕಳು. ಆಮೇಲೆ ಎಷ್ಟೋ ದಿನ ಅವಳನ್ನು ಚುಚ್ಚಿದ್ದು ಆ ನಗು.

ಎರಡು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ತಿಂಗಳಿಗೊಮ್ಮೆ, ಸುಮಿತ್ರ ಒಳಕೋಣೆಯ ಬೆಂಚಿನಲ್ಲಿ ಕೂತಳು. ಚಂದ್ರಾವತಿ ನಡುನಡುವೆ ಬಂದು ಬಾಗಿಲಲ್ಲಿ ನಿಂತು ಹುಳಿ, ಹಪ್ಪಳದ ಮಾತಾಡಿ ಹೋಗುವಳು. ಕೋಣೆಯೊಳಗೆ ಪೂರ್ತಿ ಹೊತ್ತು ಕೂತಿರುತ್ತಿದ್ದವಳು ಕಾರ್ತ್ಯಾಯನಿ.

ನಾಲ್ಕನೆಯ ತಿಂಗಳಲ್ಲಿ ಕಾರ್ತ್ಯಾಯನಿಗೆ ಕೆಮ್ಮು ಹಿಡಿಯಿತು. ಕಫದ ಪರೀಕ್ಷೆಯಲ್ಲಿ ಕ್ಷಯವೆಂದು ತಿಳಿಯಿತು. ಡಾಕ್ಟರರು ರಿಜಿಸ್ಟರ್ ತೆರೆದು, “ಮನೆಯಲ್ಲಿ ಯಾರಿಗಾದರೂ ಇದೆಯಾ?” ಎಂದರು.

“ಯಾರಿಗೂ ಇಲ್ಲ ಸಾರ್.”

“ಒಂದೇ ಕೋಣೆಯಲ್ಲಿ ಎಷ್ಟು ಜನ?”

“ಏಳು.”

ಡಾಕ್ಟರರು ‘ಮನೆಯ ಇಕ್ಕಟ್ಟು’ ಎಂದು ಬರೆದರು. ಪಕ್ಕದಲ್ಲಿ ಸೂಜಿ ಕುದಿಸುತ್ತಿದ್ದ ಚಂದ್ರಾವತಿ ಇನ್ನೊಂದು ಸೂಜಿ ನೀರಿಗೆ ಹಾಕಿದಳು. ಎಲ್ಲಿಂದ ಬಂತೆಂದು ಯಾರು ಹೇಳಬಲ್ಲರು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿದರೆ ಕೆಲಸ ಹೋಗುತ್ತದೆ, ಮತ್ತೆ ಉಪ್ಪಿನ ಮಾತೊಂದೇ ಉಳಿಯುತ್ತದೆ ಎಂಬುದೂ ಗೊತ್ತಿತ್ತು. ಕಾರ್ತ್ಯಾಯನಿ ಒಮ್ಮೆ ಅವಳತ್ತ ನೋಡಿ, ಹೊರಗೆ ಹೋಗಿ, ದಿನವೂ ತಾನೇ ಒರೆಸುತ್ತಿದ್ದ ಉದ್ದ ಬೆಂಚಿನ ತುದಿಯಲ್ಲಿ ಕೂತಳು. ಯಾರೂ ಹೇಳಬೇಕಾಗಲಿಲ್ಲ.

ಎಂಟು ದಿನ ಚಂದ್ರಾವತಿ ಅಂಗಳದ ಕಡೆ ಹೋಗದೆ ಹಿಂಬಾಗಿಲಿನಿಂದ ಓಡಾಡಿದಳು.

ಒಂಬತ್ತನೆಯ ದಿನ ಸುಮಿತ್ರ ಬಂದಳು. ಮೈ ತುಂಬಿಕೊಂಡಿತ್ತು, ಕೆಮ್ಮು ಕಡಿಮೆಯಾಗಿತ್ತು. ರೂಢಿಯಂತೆ ನೇರ ಒಳಕೋಣೆಗೆ ಹೊರಟಳು. ಅಲ್ಲಿ ಈಗ ಕತ್ತರಿ ಹಿಡಿದು ಹೊಸ ಹುಡುಗಿಯೊಬ್ಬಳು ಕೂತಿದ್ದಳು.

ಚಂದ್ರಾವತಿ ಬಾಗಿಲಿಗೆ ಅಡ್ಡ ನಿಂತಳು. “ಹೊರಗೆ ಕೂತುಕೊಳ್ಳಿ.”

“ಏನ್ರೀ ಇದು? ನಮ್ಮೋರಾಗಿ ನೀವೇ ಹೀಗಂದ್ರೆ?”

“ನಮ್ಮವರೆಂದೇ ತಪ್ಪು ಮಾಡಿದೆ. ಹೊರಗೆ ಕೂತುಕೊಳ್ಳಿ.”

ಸುಮಿತ್ರ ಮುಖ ಪೂರ್ತಿ ಮುಚ್ಚಿಕೊಂಡು ಚಪ್ಪರಕ್ಕೆ ಬಂದಳು. ಕಾರ್ತ್ಯಾಯನಿ ಸರಿದು ಜಾಗ ಬಿಟ್ಟಳು.

ಚಂದ್ರಾವತಿ ಡಾಕ್ಟರರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದರು.

“ಹೊರಗೆ ಕೂರಿಸಬೇಕೆಂಬ ನಿಯಮ ಮಾಡಿದ್ದು ಯಾರು?”

“ನಾನೇ ಸಾರ್.”

ಡಾಕ್ಟರರು ‘ಮನೆಯ ಇಕ್ಕಟ್ಟು’ ಹೊಡೆದುಹಾಕಿದರು. ಅದರ ಮೇಲೆ ಏನು ಬರೆದರೆಂದು ಅವಳು ನೋಡಲಿಲ್ಲ. “ಮೇಲಿನವರಿಗೆ ತಿಳಿಸಬೇಕಾಗುತ್ತದೆ. ಅಲ್ಲಿಯವರೆಗೆ ಕಾರ್ತ್ಯಾಯನಿಯ ಕೆಲಸ ನೀವೇ ಮಾಡಿ” ಎಂದರು.

ಮೊದಲು ಒಳಕೋಣೆಯ ಕಿಟಕಿ ತೆರೆದಳು. ಹತ್ತಿ ಹಾರಿತು. ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಇಷ್ಟು ಸುಲಭವಾಗಿತ್ತು. ಆಮೇಲೆ ಅಂಗಳಕ್ಕೆ ಬಂದು, ಕುಕ್ಕರಗಾಲಿನಲ್ಲಿ ಕೂತು ಗೆರಟೆಗಳಿಗೆ ಬೂದಿ ತುಂಬತೊಡಗಿದಳು.

ಬೆಂಚಿನಿಂದ ಕಾರ್ತ್ಯಾಯನಿ ನೋಡುತ್ತಿದ್ದಳು.

“ಬೂದಿ ಸಾಲದು ಚೇಚಿ. ನಾನು ಇನ್ನೊಂದು ಹಿಡಿ ಹಾಕುತ್ತಿದ್ದೆ.”

ಚಂದ್ರಾವತಿ ತಲೆಯೆತ್ತದೆ ಇನ್ನೊಂದು ಹಿಡಿ ಹಾಕಿದಳು.