ಗೋಡೆಯ ಕಡೆಗೆ ಬಿಟ್ಟ ಉಸಿರು

ಪಟ್ಟಂದೂರು ಅಗ್ರಹಾರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ದಿನವಿಡೀ ಬೀಡಿ ಸೇದುತ್ತಿದ್ದರು. ಆದರೆ ಆ ಹೊಗೆ ಯಾರ ಮುಖಕ್ಕೂ ತಾಗಿದ್ದನ್ನು ನಾನು ಕಾಣೆ. ಮಾತಿನ ನಡುವೆ ಕತ್ತು ಪೂರ್ತಿ ಹೊರಳಿಸಿ, ಗೋಡೆಯ ಕಡೆ ಹೊಗೆ ಬಿಟ್ಟು, ಮತ್ತೆ ನಮ್ಮತ್ತ ತಿರುಗುತ್ತಿದ್ದರು. "ನನ್ನ ಒಗೆ ನನ್ಗಿರ್ಲಿ ಬುಡಿ ಮೇಡಂ," ಅನ್ನುತ್ತಿದ್ದರು. ಅಷ್ಟು ಮರ್ಯಾದೆಯಿಂದ ಶ್ವಾಸಕೋಶ ಸುಟ್ಟುಕೊಂಡ ಬೇರೆಯವರನ್ನು ನಾನು ನೋಡಿಲ್ಲ.

ಕೆಮ್ಮು ತಿಂಗಳುಗಟ್ಟಲೆ ನಿಲ್ಲದೆ ಮೈ ಇಳಿದಾಗ, ಅವರ ಹೆಂಡತಿ ಹೆದರಿ ಆಸ್ಪತ್ರೆಗೆ ನನ್ನನ್ನೂ ಕರೆದೊಯ್ದರು.

ಎದೆಯ ಸ್ಕ್ಯಾನ್ ಮುಗಿದ ಮೇಲೆ ಉಸಿರಿನ ಪರೀಕ್ಷೆ. ಟೆಕ್ನಿಷಿಯನ್ ಹುಡುಗಿ ಎದುರಿಗೆ ಕೂತು, ಮಿಷಿನ್ನಿನ ಕೊಳವೆಯನ್ನು ಅವರ ಬಾಯಿಗಿಟ್ಟು, "ಅಂಕಲ್, ಜೋರಾಗಿ ಊದಿ," ಅಂದಳು. ಅವರು ಎದೆ ತುಂಬ ಉಸಿರೆಳೆದರು, ಕೊಳವೆ ತೆಗೆದರು, ಕತ್ತು ಹೊರಳಿಸಿ ಗೋಡೆಗೆ ಊದಿದರು. ಎರಡನೆಯ ಸಲವೂ ಹಾಗೇ.

"ಕೊಳವೆ ಒಳಗೇ ಊದ್ಬೇಕು ಅಂಕಲ್."

"ಎಣ್ಮಗಳು ನೀನು ಎದುರ್ಗೆ ಕುಂತಿದ್ದೀಯ. ಎಂಗಮ್ಮ ಊದ್ಲಿ?"

ಅವಳು ನಗಲಿಲ್ಲ. ಎದ್ದು ಅವರ ಕುರ್ಚಿಯನ್ನು ಗೋಡೆಗೆ ಮುಖಮಾಡಿಸಿ, ತಾನು ಹಿಂದೆ ನಿಂತಳು. ಆಗ ಊದಿದರು, ಉಸಿರು ಬರಿದಾಗುವವರೆಗೂ.

ಸಂಜೆ ಡಾಕ್ಟರು ಎರಡೂ ರಿಪೋರ್ಟ್ ನೋಡಿ, "ಗಡ್ಡೆ ಏನೂ ಇಲ್ಲ. ಉಸಿರಿನ ಕೊಳವೆಗಳು ಸ್ವಲ್ಪ ಹಾಳಾಗಿವೆ. ಬೀಡಿ ಬಿಟ್ರೆ ಹೆಚ್ಚಾಗದ ಹಾಗೆ ನೋಡ್ಕೋಬಹುದು," ಅಂದರು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು. ಓನರ್ ನಮ್ಮಿಬ್ಬರನ್ನೂ ನೋಡುತ್ತಲೇ ದೊಡ್ಡದೊಂದು ಉಸಿರು ಬಿಟ್ಟರು. ಕತ್ತು ಹೊರಳಿಸಲಿಲ್ಲ.